ಏರಿಸಿದಷ್ಟೇ ಇಳಿಸಿದ್ದು

ನನ್ನ ತಮ್ಮನಿಗೆ ತಾನು ಭಾರಿ ಚಾಲಾಕಿ ಎಂಬ ನಂಬಿಕೆ ಹುಟ್ಟಿನಿಂದಲೇ ಇದೆ. ಅವನ ಪಾತ್ರೆ ಅಂಗಡಿಯಲ್ಲಿ ಬಿಲ್ ಮಾಡಲು ಕೂರುವವಳು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಾದ್ದರಿಂದ ಲೆಕ್ಕದ ವಿಷಯಕ್ಕೆ ಬಾಯಿ ಹಾಕುವಂತಿಲ್ಲ. ಹಾಕಿದಾಗಲೆಲ್ಲ, ನೀನು ಗುಂಡಿ ಒತ್ತು ಸಾಕು ಅನ್ನುತ್ತಾನೆ.

ಈ ಸಲ ಕುಕ್ಕರ್‌ಗಳಿಗೆ ಇಪ್ಪತ್ತೈದು ಪರ್ಸೆಂಟ್ ರಿಯಾಯಿತಿ ಎಂದು ಬೋರ್ಡು ಹಾಕಿಸಿದ. ಹಿಂದಿನ ದಿನವೇ ಬೆಲೆಯನ್ನು ಇಪ್ಪತ್ತೈದು ಪರ್ಸೆಂಟ್ ಏರಿಸಿದ್ದ. ಎಂಟುನೂರರ ಕುಕ್ಕರ್‌ಗೆ ಸಾವಿರದ ಚೀಟಿ.

"ಏರಿಸಿದ್ದನ್ನೇ ಇಳಿಸೋದಲ್ವಾ ಅಕ್ಕ, ನಮ್ಮ ಗಂಟೇನು ಹೋಗುತ್ತೆ?" ಎಂದು ನಕ್ಕ.

ಮೊದಲ ಬಿಲ್ಲಿನಲ್ಲೇ ನನಗೆ ಗೊತ್ತಾಯಿತು. ಏರಿಸಿದ್ದು ಎಂಟುನೂರರ ಕಾಲು ಭಾಗ, ಇನ್ನೂರು. ಇಳಿಸಿದ್ದು ಸಾವಿರದ ಕಾಲು ಭಾಗ, ಇನ್ನೂರೈವತ್ತು. ಕೈಗೆ ಬಂದದ್ದು ಏಳುನೂರೈವತ್ತು. ಅಯ್ಯೋ ಮಹಾರಾಯ ಅಂದುಕೊಂಡೆ. ಆದರೆ ಗುಂಡಿ ಒತ್ತು ಅಂದಿದ್ದಾನಲ್ಲ, ಒತ್ತಿದೆ.

ಗಿರಾಕಿಗಳು ಮುಗಿಬಿದ್ದರು. ಇನ್ನೂರೈವತ್ತು ಉಳಿಯಿತೆಂದು ಹಿಗ್ಗಿದರು. ಉಳಿದದ್ದು ಬರೀ ಐವತ್ತು. ಹಳೆಯ ಬೆಲೆ ಗೊತ್ತಿದ್ದ ದರ್ಜಿಯೊಬ್ಬ, ಇದೆಲ್ಲ ಕಣ್ಣಿಗೆ ಮಣ್ಣೆರಚುವ ಆಟ ಎಂದು ಹೆಂಡತಿಯನ್ನು ಎಳೆದುಕೊಂಡು ಹೋಗಿ, ಎದುರಿನ ಅಂಗಡಿಯಲ್ಲಿ ಅದನ್ನೇ ಎಂಟುನೂರು ಕೊಟ್ಟು ಕೊಂಡ. ನನಗೆ ಒಳಗೊಳಗೇ ಖುಷಿಯೋ ಖುಷಿ.

ಒಂಬತ್ತನೆಯ ದಿನ ತಮ್ಮ ಉಳಿದ ಮಾಲು ಎಣಿಸಿದ. ಎಂಬತ್ತು ಕುಕ್ಕರ್ ಹೋಗಿದ್ದವು. ಅರವತ್ತನಾಲ್ಕು ಸಾವಿರ ಬರಬೇಕಿತ್ತು, ಅರವತ್ತೇ ಬಂದಿತ್ತು. ತಲೆ ಕೆರೆದುಕೊಂಡು ಮತ್ತೆ ಎಣಿಸಿದ. ಇನ್ನಷ್ಟು ಪೇಚಾಡಲಿ ಎಂದು ನಾನು ಸುಮ್ಮನಿದ್ದೆ. ನಾಲ್ಕು ಸಾವಿರ ಅಂದರೆ ಸರಿಯಾಗಿ ಐದು ಕುಕ್ಕರ್. ಐದು ಕುಕ್ಕರ್ ಬಿಲ್ಲಿಲ್ಲದೆ ಬಾಗಿಲು ದಾಟಿವೆ ಎಂದು ಅವನು ತೀರ್ಮಾನಿಸಿಬಿಟ್ಟ.

ಬಾಗಿಲ ಬಳಿ ಸಾಮಾನು ಕಟ್ಟಿಕೊಡುವವಳು ಒಬ್ಬಳೇ, ಆರು ವರ್ಷದಿಂದ ಇರುವ ಪ್ಯಾಕಿಂಗ್‌ನವಳು. ನಾನು ಎದ್ದು ಹೋಗುವಷ್ಟರಲ್ಲಿ ಗಿರಾಕಿಗಳ ಎದುರೇ ಅವಳ ಚೀಲ ಸುರಿದಿದ್ದ. ಐದು ಕುಕ್ಕರ್ ಕೈಚೀಲದಲ್ಲಿ ಇರುತ್ತವೆಯೇ, ಪೆದ್ದ! ಊಟದ ಡಬ್ಬಿ, ಬಾಚಣಿಗೆ, ಮಗಳ ಕನ್ನಡಕಕ್ಕೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಬಿದ್ದವು. ನಾಳೆಯಿಂದ ಬರಬೇಡ ಅಂದ.

"ಕದ್ದವರು ಯಾರೂ ಇಲ್ಲ ಕಣೋ," ಅಂದೆ. "ಒಂದೊಂದು ಕುಕ್ಕರ್‌ಗೂ ನೀನೇ ಐವತ್ತು ಬಿಟ್ಟಿದ್ದೀಯ."

ಬಿಲ್ಲಿನ ಹಿಂಬದಿಗೆ ಬರೆದು ತೋರಿಸಿದೆ. ಅವನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಒಳ್ಳೆಯವನೇ, ತಪ್ಪಾಯ್ತು ತಾಯಿ ಎಂದು ಎಲ್ಲರ ಮುಂದೆ ಕೈಮುಗಿದ, ನೆಲದ ಮೇಲಿನ ಸಾಮಾನು ತಾನೇ ಆಯ್ದುಕೊಟ್ಟ.

ಅವಳನ್ನು ಉಳಿಸಿದವಳು ನಾನೆಂಬ ಹಮ್ಮಿನಲ್ಲಿ ನಿಂತಿದ್ದೆ. ಅವಳು ಚೀಟಿಯ ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಅಕ್ಕಾ, ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ," ಅಂದೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಅವಳು ಮರುದಿನವೂ ಕೆಲಸಕ್ಕೆ ಬಂದಳು. ತಮ್ಮನ ಜೊತೆ ಎಂದಿನಂತೆ ನಗುತ್ತಾ ಮಾತಾಡುತ್ತಾಳೆ. ನನ್ನನ್ನು ಮಾತ್ರ ಅಂದಿನಿಂದ ಮೇಡಂ ಎಂದು ಕರೆಯುತ್ತಾಳೆ.