ಸಭೆಯ ದನಿ

“ಹಾಡು ಅಂತ ಮಾತ್ರ ಹೇಳಬೇಡಿ,” ಎಂದಳು ಹೆಂಡತಿ. ಬಾಚಣಿಗೆ ಕೂದಲಲ್ಲೇ ನಿಂತುಬಿಟ್ಟಿತ್ತು.

“ಹೇಳಲ್ಲ.”

“ಪ್ರಾರ್ಥನೆನೂ ಮಾಡಲ್ಲ. ಬರ್ತಾನೇ ಇಲ್ಲ ನನಗೆ. ಸುಮ್ನೆ ನಿಂತಿರ್ತೀನಿ, ಅಷ್ಟೇ.”

“ಮತ್ತೆ ಚರ್ಚಿಗೆ ಯಾಕೆ ಬರ್ತೀಯ?”

ಕೇಳಬಾರದಿತ್ತು. ಬಾಯಿ ತಪ್ಪಿ ಬಂದುಹೋಯಿತು. ಅವಳಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅವಳು ಬಾಚಣಿಗೆ ಬಿಡಿಸಿಕೊಂಡು ಕನ್ನಡಿಗೆ ಹೇಳಿದಂತೆ ಹೇಳಿದಳು.

“ಅವರೆಲ್ಲ ಹಾಡ್ತಾರಲ್ಲ. ನನ್ನ ಪಾಲಿಂದೂ ಅವರೇ ಹಾಡ್ಲಿ. ಮಧ್ಯದಲ್ಲಿ ನಿಂತ್ಕೊಂಡ್ರೆ ಸಾಕು ನನಗೆ. ಅದೂ ಸಿಗ್ಲಿಲ್ಲ ಅಂದ್ರೆ ಇನ್ನು ಆ ಕಡೆ ತಲೆ ಹಾಕಲ್ಲ ರೀ. ಯಾವ ಕಡೆನೂ ಹಾಕಲ್ಲ.”

ಅವನು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

ವಾರವೆಲ್ಲ ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾನೆ. ಭಾನುವಾರ ಚರ್ಚಿನ ಹಿಂಬದಿಯ ಗಾಜಿನ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಮೈಕುಗಳನ್ನು ನೋಡಿಕೊಳ್ಳುತ್ತಾನೆ. ಅದಕ್ಕೇ ಎಲ್ಲರ ಬಾಯಲ್ಲಿ ಮೈಕ್ ಮೇಷ್ಟ್ರು. ದೇವರಿಗೂ ಮೇಷ್ಟ್ರ ಗುಂಡಿ ದಾಟಿಯೇ ನಮ್ಮ ಮೊರೆ ತಲುಪಬೇಕು ನೋಡಿ ಎಂದು ಒಬ್ಬರು ತಮಾಷೆ ಮಾಡಿದಾಗ ಎಲ್ಲರೂ ನಕ್ಕಿದ್ದರು. ನಗದೆ ಇದ್ದವರು ಇಬ್ಬರೇ: ಅವನು ಮತ್ತು ಪಾದ್ರಿ.

ಹಿಂದೊಮ್ಮೆ ಸಭೆಯ ಹಾಡು ಸೊರಗಿತ್ತು. ಬರುವ ಜನ ಕಡಿಮೆಯಾಗಿದ್ದರು, ಬಂದವರೂ ತುಟಿಯೊಳಗೇ ಗೊಣಗುತ್ತಿದ್ದರು. ಏನಾದರೂ ಮಾಡಿ ಮೇಷ್ಟ್ರೇ ಎಂದು ಪಾದ್ರಿ ದುಂಬಾಲು ಬಿದ್ದರು. ಆ ಕ್ರಿಸ್ಮಸ್ಸಿಗೆ ಚರ್ಚು ಬಾಗಿಲಾಚೆಗೂ ತುಂಬಿ ತುಳುಕಿದಾಗ ಅವನು ಹಾಡುಗಳನ್ನೆಲ್ಲ ರೆಕಾರ್ಡು ಮಾಡಿ ಹಿಡಿದಿಟ್ಟುಕೊಂಡ. ಮುಂದಿನ ಭಾನುವಾರಗಳಲ್ಲಿ ಆ ತುಂಬಿದ ಸಭೆಯ ದನಿಯನ್ನು ಈ ಖಾಲಿ ಸಭೆಯ ದನಿಯ ಕೆಳಗೆ ಮೆಲ್ಲಗೆ ಸೇರಿಸಿದ, ಹಾಲಿಗೆ ನೀರು ಬೆರೆಸುವವರ ಹಾಗೆ, ಗೊತ್ತಾಗದಷ್ಟೇ.

ಹಾಡು ಜೋರಾಗಿ ಕೇಳಿಸಿದ್ದೇ ತಡ, ಜನ ನಿರಾಳರಾದರು. ಪಕ್ಕದವರು ಹಾಡುತ್ತಿದ್ದಾರಲ್ಲ ಎಂದು ಪ್ರತಿಯೊಬ್ಬರೂ ದನಿ ತಗ್ಗಿಸಿದರು. ಅವರು ತಗ್ಗಿಸಿದಷ್ಟೂ ಇವನು ಏರಿಸಿದ. ಪಾಠದಲ್ಲಿ ಹೇಳಿಕೊಡಲು ಒಳ್ಳೆಯ ಉದಾಹರಣೆ, ಹೇಳುವಂತಿರಲಿಲ್ಲ ಅಷ್ಟೇ. ಈಗ ಪರ ಊರಿನಿಂದ ಬಂದವರು ಅಬ್ಬಬ್ಬಾ, ಎಂಥ ಸಭೆ ಎಂದು ಹೊಗಳಿ ಹೋಗುತ್ತಿದ್ದರು. ಹಾಲಿನಲ್ಲಿ ಹಾಲು ಎಷ್ಟು ಉಳಿದಿದೆ ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ.

ಹೆಂಡತಿಗೆ ಇದೊಂದೂ ಗೊತ್ತಿರಲಿಲ್ಲ.

ಚರ್ಚಿನ ಮೆಟ್ಟಿಲ ಬಳಿ ಅವನು ಪಾದ್ರಿಯನ್ನು ಪಕ್ಕಕ್ಕೆ ಕರೆದ.

“ಪಾಸ್ಟರ್, ಇವತ್ತು ಅದು ಬೇಡ.”

“ಯಾವುದು?”

“ಅದೇ.”

ಪಾದ್ರಿ ಸುತ್ತ ನೋಡಿದರು. “ಇವತ್ತೇನಾ? ನಿಮ್ಮ ಮನೆಯವರು ಎಷ್ಟೋ ದಿನದ ಮೇಲೆ ಬಂದಿದ್ದಾರೆ.”

“ಅದಕ್ಕೇ.”

“ಅದಕ್ಕೇ ಅಂತಲೇ ನಾನೂ ಹೇಳ್ತಿರೋದು. ನಾಲ್ಕು ಒಳ್ಳೇ ದನಿ ಅವರ ಕಿವಿಗೆ ಬೀಳ್ಲಿ. ನಮ್ಮ ಜನಾನೇ ತಾನೇ ಹಾಡಿದ್ದು? ಸುಳ್ಳೇನಲ್ಲವಲ್ಲ.”

ಸುಳ್ಳೆಂದು ಹೇಳಲು ಅವನಿಗೂ ಆಗಲಿಲ್ಲ. ಪಾದ್ರಿ ಅವನ ಭುಜ ತಟ್ಟಿ ಒಳಗೆ ಹೋದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಿವೃತ್ತ ನರ್ಸಮ್ಮ, ಏದುಸಿರಿನ ಹೆಂಗಸು, ಬೆಂಚಿನ ತುದಿಯಿಂದ ಕೈ ಮಾಡಿ ಕರೆದರು. “ಬಂದ್ಯಾ ಮಗಳೇ? ಬಾ, ಇಲ್ಲಿ ಬಾ. ಏ, ಸ್ವಲ್ಪ ಸರ್ಕೊಳ್ರಪ್ಪ ಆಕಡೆ.” ಮಗುವಿನ ಸುದ್ದಿ ಯಾರೂ ಎತ್ತಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಸರಿದು, ಅವಳಿಗೆ ಬೇಕಾದುದಕ್ಕಿಂತ ಹೆಚ್ಚೇ ಜಾಗ ಬಿಟ್ಟರು.

“ನೀವು?” ಎಂದು ಅವಳು ಅವನತ್ತ ತಿರುಗಿದಳು.

“ಮೈಕು ಇದೆಯಲ್ಲ...”

“ಹೂಂ.”

ಅವನು ಗಾಜಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಅಲ್ಲಿ ಹಾಯಾಗಿತ್ತು. ಅದು ಹಾಯಾಗಿದೆ ಎನ್ನುವುದೇ ಅವನಿಗೆ ನಾಚಿಕೆಯ ಸಂಗತಿಯಾಗಿತ್ತು. ಸಮಾಧಿಯ ಬಳಿ ನಿಂತಿದ್ದಾಗಲೂ ಅಷ್ಟೆ: ಪುಟ್ಟ ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಸದ್ದು ಮೊದಲು ಟೊಳ್ಳಾಗಿದ್ದದ್ದು ಬರಬರುತ್ತ ಮಂದವಾದದ್ದನ್ನು ಅವನು ಗಮನಿಸಿದ್ದ. ಅಳು ಬಂದಿರಲಿಲ್ಲ.

ಸಭೆ ಎದ್ದು ನಿಂತಿತು. ಕೀಬೋರ್ಡು ನುಡಿಸುವ ದರ್ಜಿ ತಲೆಯಾಡಿಸಿ ಶುರು ಮಾಡಿದ. ಗಾಜಿನ ಕೋಣೆಯಲ್ಲಿ ಇವನ ಬೆರಳು ತನ್ನಷ್ಟಕ್ಕೆ ಆ ಹಳೆಯ ದನಿಯ ಗುಂಡಿಯನ್ನು ಮೇಲಕ್ಕೆ ಸರಿಸಿತು. ಆ ಕ್ರಿಸ್ಮಸ್ಸಿನ ಜನವೆಲ್ಲ ಒಮ್ಮೆಲೇ ಹಾಡತೊಡಗಿತು.

ಹೆಂಡತಿ ಕಣ್ಣು ಮುಚ್ಚಿದಳು. ಬಿಗಿದುಕೊಂಡಿದ್ದ ಅವಳ ಹೆಗಲು ಇಳಿಯುತ್ತ ಬಂದದ್ದು ಅವನಿಗೆ ಅಷ್ಟು ದೂರದಿಂದಲೂ ಕಂಡಿತು. ಅವಳು ನರ್ಸಮ್ಮನ ಕಡೆಗೆ ಕೊಂಚ ವಾಲಿದಳು. ಇಷ್ಟು ದಿನ ಅವನು ಏನೇನು ಮಾಡಿದರೂ ಆಗದ್ದು ಒಂದು ಚರಣದಲ್ಲಿ ಆಗುತ್ತಿತ್ತು. ಬಿಟ್ಟುಬಿಡೋ ಮಾರಾಯಾ, ಎಂದುಕೊಂಡ. ಆದರೆ ಅವಳು ಆತುಕೊಂಡಿದ್ದ ಗೋಡೆ ಗೋಡೆಯೇ ಅಲ್ಲವಲ್ಲ. ಅವಳಿಗೆ ನಿಜವಾದದ್ದು ಸಿಗಬೇಕು ಎನಿಸಿತು. ಅವರು ಹಾಡಿಯಾರು. ಅವಳಿಗೋಸ್ಕರ ಜಾಗ ಬಿಟ್ಟವರು ದನಿಯನ್ನೂ ಕೊಟ್ಟಾರು.

ಎರಡನೆಯ ಚರಣಕ್ಕೆ ಅವನು ಗುಂಡಿಯನ್ನು ಮೆಲ್ಲಮೆಲ್ಲಗೆ ಇಳಿಸಿದ, ನಡೆಯಲು ಕಲಿಯುವ ಮಗುವಿನ ಕೈ ಬಿಡುವ ಹಾಗೆ. ಛೇ, ಹೋಲಿಸಲು ಇನ್ನೇನೂ ಸಿಗಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡ.

ಗುಂಡಿ ತಳ ಮುಟ್ಟಿತು.

ಕೀಬೋರ್ಡೊಂದೇ ಕೇಳುತ್ತಿತ್ತು. ಪುಸ್ತಕಗಳು ತೆರೆದಿದ್ದವು, ಬಾಯಿಗಳು ತೆರೆದಿದ್ದವು, ಮುಚ್ಚುತ್ತಿದ್ದವು, ಮತ್ತೆ ತೆರೆಯುತ್ತಿದ್ದವು. ಯಾರೊಬ್ಬರಿಂದಲೂ ದನಿ ಹೊರಡಲಿಲ್ಲ. ನರ್ಸಮ್ಮ ಮಾತ್ರ ಒಡಕು ಗಂಟಲಲ್ಲಿ ಎರಡು ಪದ ಹಾಡಿದರು. ತಮ್ಮ ದನಿ ತಮಗೇ ಕೇಳಿಸಿದ್ದಕ್ಕೆ ಬೆಚ್ಚಿ ನಿಲ್ಲಿಸಿದರು. ದರ್ಜಿಯ ಬೆರಳು ತಡವರಿಸಿತು.

ಹೆಂಡತಿ ಕಣ್ಣು ಬಿಟ್ಟಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಗಾಜಿನತ್ತ ನೋಡಿದಳು.

ಎದ್ದು ಹೋಗಬೇಕಿತ್ತು. ಬಾಗಿಲು ತಳ್ಳಿ, ಅವಳ ಪಕ್ಕ ನಿಂತು, ಅಪಸ್ವರವೋ ಸುಡುಗಾಡೋ, ಹಾಡಬೇಕಿತ್ತು. ಅವನು ಬಾಯಿ ತೆರೆದದ್ದೂ ನಿಜ. ಹಾಡಿನ ಮುಂದಿನ ಪದ ಅವನಿಗೆ ಬಾಯಿಪಾಠವಾಗಿತ್ತು. ಗಂಟಲಿನಿಂದ ಏನೂ ಬರಲಿಲ್ಲ.

ವೇದಿಕೆಯ ಮೇಲಿನಿಂದ ಪಾದ್ರಿ ಅಂಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು, ಆಶೀರ್ವಾದಕ್ಕೋ ಎನ್ನುವಂತೆ. ಅವನು ಗುಂಡಿ ಏರಿಸಿದ.

ಹಾಡು ಮರಳಿ ಬಂತು. ಸಭೆಯ ಮುಖಗಳಲ್ಲಿ ಜೀವ ಬಂತು. ಯಾರೋ ಹಿಂದಕ್ಕೆ ತಿರುಗಿ ಅವನತ್ತ ಮುಗುಳ್ನಕ್ಕು, ಯಂತ್ರ ಕೈಕೊಟ್ಟಿತ್ತೇನೋ ಎಂಬಂತೆ ಸನ್ನೆ ಮಾಡಿದರು. ಹೆಂಡತಿ ಇನ್ನೂ ಗಾಜನ್ನೇ ನೋಡುತ್ತಿದ್ದಳು. ಅಲ್ಲಿಂದ ಅವಳಿಗೆ ತಾನು ಕಾಣುತ್ತೇನೋ ಇಲ್ಲವೋ ಎಂಬುದನ್ನು ಅವನು ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳಿರಲಿಲ್ಲ.

ಆಮೇಲೆ ಅವಳು ಮುಂದಕ್ಕೆ ತಿರುಗಿದಳು. ನರ್ಸಮ್ಮನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಪುಟ ಹುಡುಕಿದಳು. ಅವಳ ಕೆನ್ನೆ ಅಲುಗಾಡತೊಡಗಿದ್ದು ಹಿಂದಿನಿಂದಲೂ ಕಾಣಿಸಿತು.

ಹಾಡುತ್ತಿದ್ದಾಳೆ! ಅವನು ಆತುರಾತುರವಾಗಿ, ಅವಳ ಬೆಂಚಿನ ಮೇಲೆ ತೂಗುತ್ತಿದ್ದ ಮೈಕನ್ನಷ್ಟೇ ಹೆಡ್‌ಫೋನಿಗೆ ತಿರುಗಿಸಿ, ಆದಷ್ಟೂ ಏರಿಸಿದ. ದೂರದ ಸ್ಪೀಕರುಗಳ ಗುಂಯ್‌ಗಾಟ ಕೇಳಿಸಿತು. ನರ್ಸಮ್ಮನ ಏದುಸಿರು ಕೇಳಿಸಿತು. ಪುಟ ಮಗುಚಿದ ಸದ್ದು ಕೇಳಿಸಿತು. ಅವಳ ದನಿ ಮಾತ್ರ ಕೇಳಿಸಲಿಲ್ಲ.

ಗಾಜಿನಲ್ಲಿ ಅವನ ಮುಖ ಸಭೆಯ ಬೆನ್ನುಗಳ ಮೇಲೆ ಬಿದ್ದಿತ್ತು. ಅದರ ತುಟಿಗಳು ದನಿಯಿಲ್ಲದೆ ಅಲುಗಾಡುತ್ತಿದ್ದವು. ಒಂದು ಪದವೂ ಹಿಂದೆ ಮುಂದೆ ಆಗದಂತೆ, ಎಲ್ಲರ ಜೊತೆಗೆ.