ರಿಮ್ಮು ಆರುವಷ್ಟು ಹೊತ್ತು

ಮೈದುನ ಇಳಿಜಾರಿನಲ್ಲಿ ಬಿದ್ದು ಅಂದಿಗೆ ಒಂಬತ್ತು ದಿನ. ಸೊಂಟ ಮುರಿದು ಮಲಗಿದ್ದ. ಅವನ ಸೈಕಲ್ಲನ್ನು ಈಗ ಅತ್ತಿಗೆ ಇಳಿಸುತ್ತಿದ್ದಳು. ಬೆಟ್ಟದ ಮೇಲಿನ ಸುಣ್ಣದ ಭಟ್ಟಿಯಿಂದ ಕೆಳಗೆ ಲಾರಿ ನಿಲ್ಲುವ ಕಡೆಗೆ ಐದು ಮೈಲಿ. ಹಿಂದೆ ಮೂರು ಮೂಟೆ ಭಾರ.

ಇಳಿಯುವಾಗ ಬ್ರೇಕನ್ನು ಒಂದೇ ಸಮ ಅದುಮಿ ಹಿಡಿಯಬಾರದು. ಹಿಂದಿನದೊಮ್ಮೆ, ಮುಂದಿನದೊಮ್ಮೆ, ಹಿಡಿದು ಬಿಡಬೇಕು. ಆದರೂ ಬ್ರೇಕ್ ಉಜ್ಜಿ ಚಕ್ರದ ರಿಮ್ಮು ಬಿಸಿಯಾಗುತ್ತದೆ. ಅದಕ್ಕೇ ಎಲ್ಲರೂ ನಡುದಾರಿಯ ತಿರುವಿನಲ್ಲಿ ನಿಲ್ಲುತ್ತಿದ್ದರು. ರಿಮ್ಮಿಗೆ ಬೆರಳು ಒತ್ತಿ ದೇವರ ಹೆಸರನ್ನು ಹತ್ತು ಸಲ ಹೇಳುವುದು. ಬೆರಳು ತಾಳಿದರೆ ಹೊರಡುವುದು.

ಹೋದ ತಿಂಗಳು ಭಟ್ಟಿಯ ಧಣಿ ಆ ತಿರುವಿನಲ್ಲಿ ಕಾವಲು ಹಾಕಿಸಿದ. ಕೆಳಗೆ ಲಾರಿ ಕಾದು ನಿಲ್ಲಬಾರದಂತೆ. ನಿಂತವರಿಗೆ ಮರುದಿನ ಮೂಟೆಯಿಲ್ಲ. ಮೈದುನ ನಿಲ್ಲಲಿಲ್ಲ. ಕಾದ ರಿಮ್ಮಿಗೆ ಟ್ಯೂಬು ಸಿಡಿಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಭಟ್ಟಿಯ ಮುಂದೆ ಪಾಠ. ಸುರಕ್ಷತೆಯ ಸಾಹೇಬರು ಒಂದು ಪುಸ್ತಕ, ಒಂದು ಕಾಗದ ಹಿಡಿದು ಬಂದಿದ್ದರು. ಎಲ್ಲರೂ ಹೆಬ್ಬೆಟ್ಟು ಒತ್ತಬೇಕಿದ್ದ ಆ ಕಾಗದದಲ್ಲಿ ಹೀಗಿತ್ತು: ‘ಬ್ರೇಕ್ ಹಿಡಿಯುವ ಕ್ರಮವನ್ನು ನನಗೆ ಕಲಿಸಲಾಗಿದೆ. ಇನ್ನು ಬಿದ್ದರೆ ಹೊಣೆ ನನ್ನದೇ.’

“ಸಾಹೇಬ್ರು ಯಾವತ್ತಾದ್ರೂ ಭಾರ ಹೊತ್ಕೊಂಡು ಇಳಿದಿದ್ದೀರಾ?” ಮೂಟೆ ಇಳಿಸುವವರಲ್ಲೊಬ್ಬ, ಕುಳ್ಳ, ಕೇಳಿದ.

“ಹೊಟ್ಟೆ ನೋಡಿದ್ರೆ ಗೊತ್ತಾಗಲ್ವೇನೋ, ಮೂಟೆ ಇನ್ನೂ ಇಳಿಸೇ ಇಲ್ಲ,” ಅಂದ ಪಕ್ಕದವನು.

ನಗು ಎದ್ದಿತು. ಧಣಿ ಗದರಿದ. ಸಾಹೇಬರು ಗಡಿಬಿಡಿಯಲ್ಲಿ ಪುಸ್ತಕ ಓದುತ್ತ ಹೋದರು: “...ಅರ್ಧ ದಾರಿಯಲ್ಲಿ ನಿಂತು ರಿಮ್ ಆರಲು ಬಿಡತಕ್ಕದ್ದು.”

ಆಗಿನಿಂದ ಕೂತಲ್ಲಿ ಕೂರಲಾರದೆ ಸೆರಗು ಹಿಂಡುತ್ತಿದ್ದ ಅತ್ತಿಗೆ ಎದ್ದೇ ಬಿಟ್ಟಳು.

“ಸ್ವಾಮಿ, ಈಗ ಓದಿದ್ರಲ್ಲ, ಅದನ್ನ ಇನ್ನೊಂದ್ಸಲ ಓದಿ. ಧಣಿಗಳ ಕಡೆ ತಿರುಗಿ ಓದಿ.”

“ಏಯ್, ಕೂತ್ಕೋ! ಬ್ರೇಕ್ ಹಿಡಿಯೋಕ್ ಬರ್ದೆ ಬಿದ್ದೋನ ಮನೆಯವಳು ನೀನು. ನಮಗೇ ಪಾಠ ಹೇಳ್ತೀಯಾ? ಹೆಬ್ಬೆಟ್ಟು ಒತ್ತಿ ನಡಿ,” ಅಂದ ಧಣಿ.

“ಹಿಡಿಯೋಕೆ ಅವನಿಗೆ ಬರ್ತಿತ್ತು ಧಣಿ. ನಿಲ್ಲೋಕೆ ನೀವು ಬಿಡ್ಲಿಲ್ಲ. ಆ ನಿಲ್ಲೋ ಮಾತನ್ನ ಕಾಗದಕ್ಕೆ ಸೇರಿಸಿ. ಮೊದಲು ನೀವು ರುಜು ಹಾಕಿ. ಆಮೇಲೆ ನನ್ನ ಹೆಬ್ಬೆಟ್ಟು.”

“ನಿನಗೆ ನಾಳೆಯಿಂದ ಮೂಟೆ ಇಲ್ಲ!”

ಮಗ್ಗುಲು ಬದಲಿಸಲೂ ಆಗದೆ ಮನೆಯಲ್ಲಿ ಮಲಗಿದ್ದ ಮೈದುನ ಅವಳ ಕಣ್ಣ ಮುಂದೆ ಬಂದ. ಮನಸ್ಸಿನಲ್ಲೇ ದೇವರನ್ನು ನೆನೆದಳು. ಕೂರಲಿಲ್ಲ.

ಕುಳ್ಳ ತನ್ನ ಸೈಕಲ್ಲಿನ ಹಗ್ಗ ಬಿಚ್ಚಿದ. ಮೂಟೆ ಧೊಪ್ಪೆಂದು ಬಿತ್ತು. “ನಾಳೆ ಯಾಕೆ ಧಣಿ, ನನಗೆ ಇವತ್ತೇ ಬೇಡ.”

ಅವನ ಹಿಂದೆ ಇನ್ನೊಂದು ಮೂಟೆ ಬಿತ್ತು. ಮತ್ತೊಂದು. ಅಂಗಳದ ತುಂಬ ಬಿಳಿ ಧೂಳೆದ್ದಿತು.

ಸಾಹೇಬರು ಕೆಮ್ಮುತ್ತ ಪೆನ್ನಿನ ಮುಚ್ಚಳ ತೆಗೆದರು.

“ಏನ್ ಮಾಡ್ಲಿ? ಆ ಸಾಲು ಬರೀಲಾ?”

ಧಣಿ ಕೆಳಗೆ ಲಾರಿಯ ದಾರಿಯತ್ತ ನೋಡಿದ. ಮೂಟೆಗಳು ಬೀಳುತ್ತಲೇ ಇದ್ದವು.