ಎಡದಿಂದ ಬಲಕ್ಕೆ ಒಂದು ಕೆಂಬೂತ

ಕುಪ್ಪಮ್ಮನ ಗಾಡಿ ಯಾವ ಊರಿಗೆ ಹೊರಟಿದೆಯೆಂದು ಕೇಳಿದರೆ ಪಲ್ಲಡದ ದೇವಾಂಗರ ಬೀದಿಯಲ್ಲಿ ಯಾರಾದರೂ ಹೇಳುತ್ತಿದ್ದರು. ಅದು ಆ ಊರು ಮುಟ್ಟುತ್ತದೆಯೇ ಎಂದು ಕೇಳಿದರೆ ಮಾತ್ರ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಎಪ್ಪತ್ತೈದು ದಾಟಿದ ಆ ಮುದುಕಿಗೆ ಗಾಡಿಗೆ ಅಡ್ಡ ಮೊಲ ಓಡಿದರೆ ಆಗದು, ಹಾವು ಹರಿದರೆ ಆಗದು. ಎಲ್ಲಕ್ಕಿಂತ ದೊಡ್ಡ ತೀರ್ಪು ಕೆಂಬೂತದ್ದು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣಿನ ಆ ಸೋಮಾರಿ ಹಕ್ಕಿ ಗಾಡಿಯ ಮುಂದೆ ಎಡದಿಂದ ಬಲಕ್ಕೆ ದಾಟಿದರೆ ಹೋದ ಕೆಲಸ ಕೈಗೂಡಿದಂತೆ. ಬಲದಿಂದ ಎಡಕ್ಕೆ ದಾಟಿತೋ, ಎತ್ತು ಇನ್ನೊಂದು ಹೆಜ್ಜೆ ಇಡಕೂಡದು. ಈ ವಿದ್ಯೆಯನ್ನೆಲ್ಲ ಅವಳಿಗೆ ಹೇಳಿಕೊಟ್ಟವಳು ಅವಳ ಅತ್ತೆ. ಆ ಅತ್ತೆ ಬದುಕಿದ್ದಾಗ ಕುಪ್ಪಮ್ಮ ಅವಳ ಒಂದು ಮಾತನ್ನೂ ಕೇಳಿದವಳಲ್ಲ, ಅದು ಬೇರೆ ವಿಷಯ.

ಈಗ ಕುಪ್ಪಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹತ್ತು ಮಾರು ಆಚೆ ನಿಂತದ್ದು ಕಾಗೆಯೋ ಕರುವೋ ತಿಳಿಯುತ್ತಿರಲಿಲ್ಲ. ಹಾಗೆಂದು ಶಕುನ ನೋಡುವುದನ್ನು ಬಿಡುವ ಪೈಕಿಯೇ ಅವಳು? ಹಿರಿಯ ಮೊಮ್ಮಗನ ಹೆಂಡತಿ ಸೆಲ್ಲಮ್ಮನನ್ನು ಗಾಡಿಯ ಮುಂಭಾಗದಲ್ಲಿ ಕೂರಿಸಿ, ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆಂದು ಕುಲದೇವತೆ ಚೌಡಮ್ಮನ ಮೇಲೆ ಆಣೆ ಮಾಡಿಸಿಕೊಂಡಿದ್ದಳು.

ಇದರಿಂದ ನಿಜವಾಗಿ ಪೇಚಿಗೆ ಸಿಕ್ಕವನು ಕಿರಿಯ ಮೊಮ್ಮಗ ಗುರುಸಾಮಿ. ಇಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಒಳ್ಳೆಯ ನೇಯ್ಗೆಯ ಕಸುಬು. ಕಾಂಗೇಯಂ ರಸ್ತೆಯಲ್ಲಿ ನಾಲ್ಕು ಮೈಲಿ ಆಚೆಯ ಹಳ್ಳಿಯಲ್ಲಿ ದೇವರಾಜನ್ ಎಂಬ ನೇಕಾರರ ಮಗಳು ಶಿವಗಾಮಿಯನ್ನು ಅವನಿಗೆ ಕೇಳುವ ಮಾತು ನಡೆದಿತ್ತು. ಹಿರಿಯರು ಹೋಗಿ ನೋಡಿ, ಹುಡುಗಿಗೆ ಹೂ ಮುಡಿಸಿ ಬಂದರೆ ಸಂಬಂಧ ಗಟ್ಟಿ. ಹಿರಿಯರು ಎರಡು ಸಲ ಹೊರಟರು. ಮೊದಲ ಸಲ ಮೊಲ, ಎರಡನೆಯ ಸಲ ಕೇರೆಹಾವು. ಎರಡು ಸಲವೂ ಗಾಡಿ ಅರ್ಧ ದಾರಿಯಿಂದ ಹಿಂದಕ್ಕೆ ಬಂತು. ಮೂರನೆಯ ಸಲವೂ ಹೀಗಾದರೆ ಆ ಹುಡುಗಿಯ ಮಾತೇ ಬೇಡ, ಪೆರಿಯನಾಯಕನಪಾಳ್ಯದಲ್ಲಿ ತನ್ನ ತಮ್ಮನ ಮೊಮ್ಮಗಳು ಇದ್ದಾಳೆ ಎಂದು ಕುಪ್ಪಮ್ಮ ಹೇಳಿಬಿಟ್ಟಳು.

ತಮ್ಮನ ಮೊಮ್ಮಗಳ ಮೇಲೆ ಗುರುಸಾಮಿಗೆ ಯಾವ ದೂರೂ ಇರಲಿಲ್ಲ. ಆದರೆ ಅವನು ಶಿವಗಾಮಿಯನ್ನು ನೋಡಿಬಿಟ್ಟಿದ್ದ. ಪಂಗುನಿ ತಿಂಗಳಲ್ಲಿ ಅವರ ಬೀದಿಗೆ ಮಗ್ಗದ ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಜೋಡಿಸುವ ಕೆಲಸಕ್ಕೆ ಹೋಗಿದ್ದಾಗ, ಬೆರಳಿಗೆ ಬೂದಿ ಹಚ್ಚಿಕೊಂಡು ಅವಳೂ ಎದುರು ಕೂತು ಎಳೆ ಹೊಸೆಯುತ್ತಿದ್ದಳು. ಅವನು ಅವಳ ಬೆರಳು ನೋಡುತ್ತ ಏನೇನೋ ಮಾಡಿಟ್ಟಿದ್ದ. ಅವಳು ತಲೆ ಎತ್ತದೆ, ನಿಮ್ಮ ಕಡೆ ಎರಡು ಎಳೆ ಹಿಂದುಮುಂದಾಗಿದೆ ಅಂದಿದ್ದಳು. ಅಷ್ಟೇ ಮಾತು. ಅಂದಿನಿಂದ ಗುರುಸಾಮಿಗೆ ಊಟ ರುಚಿಸಿರಲಿಲ್ಲ.

ಅವನು ಮೊದಲು ಹೋದದ್ದು ಅತ್ತಿಗೆ ಸೆಲ್ಲಮ್ಮನ ಹತ್ತಿರ. ಯಾವ ಹಕ್ಕಿ ಎತ್ತ ಹಾರಿದರೂ ಎಡದಿಂದ ಬಲಕ್ಕೆ ಎಂದುಬಿಡಿ ಎಂದು ಬೇಡಿಕೊಂಡ. ಅವಳಿಗೂ ಮೈದುನನ ಮೇಲೆ ಅಕ್ಕರೆ, ಆದರೆ ಆಣೆ ಆಣೆಯೇ.

"ಕಂಡದ್ದನ್ನ ನಾನು ಹೇಳೇ ಹೇಳ್ತೀನಿ, ಗುರು," ಎಂದಳು. "ಕಣ್ಣಿಗೆ ಏನು ಬೀಳ್ಬೇಕು ಅನ್ನೋದು ನನ್ ಕೈಲಿಲ್ಲ."

ಗುರುಸಾಮಿ ಆ ಮಾತನ್ನು ಹಿಡಿದುಕೊಂಡ. ಅತ್ತಿಗೆಯ ಕೈಯಲ್ಲಿ ಇಲ್ಲದಿದ್ದರೆ ಏನಂತೆ, ತನ್ನ ಕೈಯಲ್ಲಿ ಇರಬಹುದಲ್ಲ.

ಆಗ ಬಿರುಬೇಸಗೆ. ಮೂರನೆಯ ಪ್ರಯಾಣಕ್ಕೆ ಇನ್ನೂ ಹದಿಮೂರು ದಿನವಿತ್ತು. ಗುರುಸಾಮಿ ದಿನವೂ ಬೆಳಕು ಹರಿಯುವ ಮೊದಲೇ ಎದ್ದು, ನೂಲು ತರುವ ನೆಪ ಹೇಳಿ, ಕಾಂಗೇಯಂ ರಸ್ತೆ ಹಿಡಿದ. ನಾಲ್ಕು ಮೈಲಿಯಲ್ಲಿ ಯಾವ ಬೇಲಿಯಲ್ಲಿ ಯಾರು ಮನೆ ಮಾಡಿಕೊಂಡಿದ್ದಾರೆಂದು ಒಂದೊಂದಾಗಿ ತಿಳಿದುಕೊಂಡ. ಮೊದಲ ದಿನ ಅವನಿಗೆ ಕಂಡದ್ದು ಕಾಗೆ ಮತ್ತು ಕುರಿ. ಮೂರನೆಯ ದಿನ ಆವರಿಕೆ ಗಿಡದ ಬುಡದಲ್ಲಿ ಮೊಲ ಮಲಗುವ ಗುಳಿ ಕಂಡಿತು, ಅದು ಇನ್ನೂ ಬೆಚ್ಚಗಿತ್ತು. ಟೆಲಿಗ್ರಾಫ್ ತಂತಿಯ ಮೇಲೆ ಮಂಕಾಗಿ ಕೂತಿದ್ದ ಹಕ್ಕಿ ಮಿಡತೆಯ ಮೇಲೆ ಎರಗಿದಾಗ ರೆಕ್ಕೆಯೊಳಗಿಂದ ನೀಲಿ ಹೊರಬಂತು. ಇಂಥ ನೀಲಿ ಬಣ್ಣವನ್ನು ತಾನು ಯಾವ ಸೀರೆಯಲ್ಲೂ ಹಾಕಿಲ್ಲವಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು. ಕೌಜುಗದ ಹೆಣ್ಣು ಎಂಟು ಮರಿಗಳನ್ನು ಹಿಂದೆ ಹಾಕಿಕೊಂಡು ದಾಟಿತು. ಅವನು ಉಸಿರು ಬಿಗಿಹಿಡಿದು ನಿಂತ. ಬತ್ತಿದ ಕುಂಟೆಯಲ್ಲಿ ಟಿಟ್ಟಿಭವೊಂದು ತನ್ನ ಮೊಟ್ಟೆ ಇಲ್ಲದ ಕಡೆಯೆಲ್ಲ ಕೂಗಿ ಕೂಗಿ ಅವನನ್ನು ಮುಕ್ಕಾಲು ಗಂಟೆ ಅಲೆದಾಡಿಸಿತು.

ವಾರ ಕಳೆಯುವುದರಲ್ಲಿ ಅವನಿಗೆ ಹುಚ್ಚು ಹಿಡಿದಿತ್ತು. ಮಗ್ಗದಲ್ಲಿ ಕೂತರೂ ಕಿವಿ ಹೊರಗೆ. ದಿನಕ್ಕೆ ಮೂರು ಮೊಳ ನೇಯುತ್ತಿದ್ದವನು ಒಂದು ಮೊಳಕ್ಕೆ ಬಂದ. ಅಪ್ಪ ನಂಜಪ್ಪನ್ ಕೇಳಿದ್ದಕ್ಕೆ, ಬಿಸಿಲಿಗೆ ಎಳೆ ಹರಿಯುತ್ತಿದೆ ಎಂದು ಸುಳ್ಳು ಹೇಳಿದ.

ಕೊನೆಗೆ ಕೆಂಬೂತವೂ ಸಿಕ್ಕಿತು. ಹುಡುಗಿಯ ಊರಿಗೆ ಅರ್ಧ ಮೈಲಿ ಇರುವಾಗ ರಸ್ತೆಯ ಒಂದು ಮಗ್ಗುಲಿಗೆ ಹಾಳುಬಾವಿ, ಅದರ ಸುತ್ತ ಪೊದೆ. ಇನ್ನೊಂದು ಮಗ್ಗುಲಿಗೆ ಹುಲ್ಲುಗಾವಲಿನ ಮುಳ್ಳುಬೇಲಿ. ಕೆಂಬೂತ ರಾತ್ರಿ ತಂಗುವುದು ಬಾವಿಯ ಪೊದೆಯಲ್ಲಿ. ಬಿಸಿಲು ಏರಿದ ಮೇಲೆ ಗೌಡನ ಗತ್ತಿನಲ್ಲಿ ರಸ್ತೆ ದಾಟಿ, ಬೇಲಿಯೊಳಗೆ ಓತಿ ಹಿಡಿಯಲು ಹೋಗುತ್ತಿತ್ತು. ಆರು ದಿನ ನೋಡಿದ, ಆರು ದಿನವೂ ಅದೇ ದಾರಿ, ಅದೇ ಹೊತ್ತು. ಗಾಡಿಯೂ ಅಲ್ಲಿಗೆ ಸುಮಾರು ಅದೇ ಹೊತ್ತಿಗೆ ಬರುವುದು. ಉಳಿದದ್ದು ಒಂದೇ ಪ್ರಶ್ನೆ: ಇದು ಎಡದಿಂದ ಬಲಕ್ಕೋ, ಬಲದಿಂದ ಎಡಕ್ಕೋ?

ಬೇರೆ ಯಾರೇ ಆಗಿದ್ದರೂ ಇದನ್ನು ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತು ತಿಳಿದುಕೊಳ್ಳುತ್ತಿದ್ದರು. ಗುರುಸಾಮಿ ನೇಕಾರ. ಅವನು ಮುಂದಿನ ಒಂದು ಪೊದೆಯಲ್ಲಿ ಕೂತಿದ್ದು ಗಾಡಿ ಬರುವ ಕಡೆಗೆ ಎದುರಾಗಿ. ಹಕ್ಕಿ ಅವನ ಬಲಗೈ ಕಡೆಯಿಂದ ಎಡಗೈ ಕಡೆಗೆ ಹೋಗುತ್ತಿತ್ತು. ತಾನು ಎದುರು ಕೂತಿದ್ದೇನೆ, ಆದ್ದರಿಂದ ಗಾಡಿಯವರಿಗೆ ಇದು ಎಡದಿಂದ ಬಲಕ್ಕೆ ಎಂದು ಮೊದಲು ಸರಿಯಾಗಿಯೇ ಯೋಚಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಮನೆಯಲ್ಲಿ ಬುಟ್ಟಾ ಸೀರೆಯನ್ನು ಮಗ್ಗದ ಮೇಲೆ ಕವುಚಿ ನೇಯುತ್ತಿದ್ದರು. ನೇಯುವವನ ಕಣ್ಣಿಗೆ ಬೀಳುವುದು ಸೀರೆಯ ಹಿಂಬದಿ, ಅಲ್ಲಿ ಎಡಕ್ಕೆ ನೋಡುವ ನವಿಲು ಉಡುವವರಿಗೆ ಬಲಕ್ಕೆ ನೋಡುತ್ತದೆ. ಹತ್ತು ವರ್ಷದಿಂದ ಲೆಕ್ಕ ಮುಗಿದ ಮೇಲೆ ಕೊನೆಗೊಮ್ಮೆ ತಿರುವಿ ಹಾಕುವುದು ಅವನಿಗೆ ರಕ್ತಗತವಾಗಿತ್ತು. ಇಲ್ಲಿಯೂ ಹಾಗೇ ತಿರುವಿ ಹಾಕಿದ. ಹಕ್ಕಿ ಬಲದಿಂದ ಎಡಕ್ಕೆ ಹೋಗುತ್ತಿದೆ, ತಾನು ನಡುವೆ ಬಂದು ತಿದ್ದದಿದ್ದರೆ ಕೆಟ್ಟಿತು ಎಂದು ತೀರ್ಮಾನಿಸಿದ.

ಹದಿಮೂರನೆಯ ದಿನ ಮೂಡಲು ಕೆಂಪಾಗುವಾಗಲೇ ಅವನು ರಸ್ತೆಯಲ್ಲಿದ್ದ. ಮೊಲಗಳನ್ನು ಎಬ್ಬಿಸಿ ಹೊಲದಾಚೆ ಅಟ್ಟಿದ. ಹುತ್ತವಿದ್ದ ಕಡೆ ಕಾಲು ಬಡಿದು ಸದ್ದು ಮಾಡಿದ. ಬಾವಿಯ ಪೊದೆಗೆ ಕಲ್ಲೆಸೆದು ನಿದ್ದೆಗಣ್ಣಿನ ಕೆಂಬೂತವನ್ನು ಮೊದಲೇ ರಸ್ತೆ ದಾಟಿಸಿ ಬೇಲಿಗೆ ಸೇರಿಸಿದ. ಆಮೇಲೆ ಬೇಲಿಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾದ.

ಗಾಡಿ ಬಂತು. ನಂಜಪ್ಪನ್ ಹೊಡೆಯುತ್ತಿದ್ದ, ಸೆಲ್ಲಮ್ಮ ಮುಂದೆ, ಕುಪ್ಪಮ್ಮ ಕಮಾನಿನೊಳಗೆ. ಅಷ್ಟು ದೂರ ಒಂದು ಹುಳವೂ ಅಡ್ಡ ಬಾರದ್ದಕ್ಕೆ ಮುದುಕಿಯ ಮುಖ ಅರಳಿತ್ತು. ಇಪ್ಪತ್ತು ಮಾರು ಇದೆ ಎನ್ನುವಾಗ ಗುರುಸಾಮಿ ಬೇಲಿ ಅಲ್ಲಾಡಿಸಿದ. ಕೆಂಬೂತ ಬೈದುಕೊಳ್ಳುತ್ತ ಹೊರಬಿದ್ದು ರಸ್ತೆ ದಾಟಿ ಬಾವಿಯ ಪೊದೆಗೆ ಸೇರಿತು. ಗುರುಸಾಮಿ ಮನಸ್ಸಿನಲ್ಲೇ ಮದುವೆಯ ಚಪ್ಪರ ಹಾಕಿಸಿದ.

"ಅಜ್ಜಿ, ಕೆಂಬೂತ," ಎಂದಳು ಸೆಲ್ಲಮ್ಮ. ಅವಳ ದನಿ ಕುಗ್ಗಿತ್ತು. "ಬಲದಿಂದ ಎಡಕ್ಕೆ."

ಗುರುಸಾಮಿ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಒಮ್ಮೆ ಗಾಡಿಯ ಕಡೆ, ಒಮ್ಮೆ ಬಾವಿಯ ಕಡೆ ನೋಡಿದ. ಆಗ ತಿಳಿಯಿತು. ತಾನು ಮನೆಯಲ್ಲಿ ಹೊದ್ದು ಮಲಗಿದ್ದರೂ ಸಾಕಿತ್ತು, ಆ ಹಕ್ಕಿ ತನ್ನ ಪಾಡಿಗೆ ಸರಿಯಾಗಿಯೇ ದಾಟುತ್ತಿತ್ತು. ಶಿವಗಾಮಿಯನ್ನು ತಾನೇ ಕೈಯಾರೆ ಕಳೆದುಕೊಂಡೆನೆಂದು ಅವನ ಕಣ್ಣಲ್ಲಿ ನೀರೇ ಬಂತು.

ಗಾಡಿ ತಿರುಗಿತು. ಎತ್ತುಗಳು ಪಲ್ಲಡದ ಕಡೆ ಮುಖ ಮಾಡಿ ನಾಲ್ಕು ಹೆಜ್ಜೆ ಇಟ್ಟಿದ್ದವು. ಅಷ್ಟರಲ್ಲಿ ಕೆಂಬೂತಕ್ಕೆ ಹಸಿವಾಯಿತು. ಬೆಳಗಿನಿಂದ ಅದಕ್ಕೆ ನೆಮ್ಮದಿಯಾಗಿ ಒಂದು ಓತಿ ತಿನ್ನಲು ಯಾರು ಬಿಟ್ಟಿದ್ದರು? ಅದು ಬಾವಿಯ ಪೊದೆಯೊಳಗೇ ಸಾಗಿ, ಗಾಡಿಯ ಮುಂದೆಯೇ ಹೊರಬಿದ್ದು, ನಡೆದುಕೊಂಡು ಬೇಲಿಗೆ ಹೋಯಿತು. ಸೆಲ್ಲಮ್ಮ ಒಂದು ಗಳಿಗೆ ತುಟಿ ಕಚ್ಚಿಕೊಂಡಳು. ಗಾಡಿಯೇ ತಿರುಗಿದ್ದರಿಂದ ಇದೂ ಬಲದಿಂದ ಎಡಕ್ಕೇ ಆಗಿತ್ತು. ಹಾಗೆಂದೇ ಹೇಳಿದಳು.

ಕುಪ್ಪಮ್ಮನಿಗೆ ಐವತ್ತು ವರ್ಷದಲ್ಲಿ ಇಂಥ ಸಂಕಟ ಬಂದಿರಲಿಲ್ಲ. ಮುಂದೆ ಹೋಗುವುದಕ್ಕೂ ಅಪಶಕುನ, ಹಿಂದೆ ಹೋಗುವುದಕ್ಕೂ ಅಪಶಕುನ. ಅತ್ತೆ ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ.

"ಅವ್ವ, ಈಗ ಎಲ್ಲಿಗೆ ಹೋಗೋದು?" ಎಂದು ನಂಜಪ್ಪನ್ ಅಂಜುತ್ತ ಕೇಳಿದ.

"ಎಲ್ಲಿಗೂ ಇಲ್ಲ. ವಂಡಿ ಬಿಚ್ಚು," ಎಂದಳು ಅವಳು.

ಎತ್ತುಗಳನ್ನು ಬಿಳಿಜಾಲಿ ಮರಕ್ಕೆ ಕಟ್ಟಿದರು. ಮುದುಕಿ ಅದರ ನೆರಳಿನಲ್ಲಿ, ಎರಡೂ ಊರಿಗೆ ಸಮವಾಗಿ ಬೆನ್ನು ತಿರುಗಿಸಿ ಕೂತಳು. ಬಿಸಿಲು ಏರಿತು. ಅಲ್ಲಿಂದ ಎಂಟು ಮಾರು ದೂರದ ಬೇಲಿಯಲ್ಲಿ ಗುರುಸಾಮಿಯ ಎರಡೂ ಕಾಲಿಗೆ ಇರುವೆ ಹತ್ತಿತ್ತು. ಎದ್ದರೆ ಮಾಡಿದ್ದೆಲ್ಲ ಬಯಲಾಗುತ್ತದೆ. ಶಕುನಕ್ಕೇ ಕೈ ಹಾಕಿದವನೆಂದು ತಿಳಿದರೆ ಅಜ್ಜಿ ಶಿವಗಾಮಿಯ ಹೆಸರನ್ನೂ ಎತ್ತಗೊಡುವುದಿಲ್ಲ. ಸೆಲ್ಲಮ್ಮನಿಗೆ ಅವನ ತಲೆಯ ಟವಲು ಆಗಲೇ ಕಂಡಿತ್ತು. ಆದರೆ ಅಜ್ಜಿ ಕೇಳಿದ್ದು ಗಾಡಿಗೆ ಅಡ್ಡ ಬಂದದ್ದನ್ನು, ಅಡ್ಡ ಬಾರದೆ ಕೂತದ್ದನ್ನಲ್ಲ.

ಕುರಿಯವನೊಬ್ಬ ಆ ದಾರಿಯಲ್ಲಿ ಹೋದವನು, ರಸ್ತೆಯಲ್ಲೊಂದು ಗಾಡಿ ಅತ್ತ ತಿರುಗಿ ಇತ್ತ ತಿರುಗಿ ನಿಂತುಬಿಟ್ಟಿದೆ ಎಂದು ಹುಡುಗಿಯ ಊರಿನಲ್ಲಿ ಹೇಳಿದನಂತೆ. ದೇವರಾಜನ್ ಮನೆಯವರಿಗೆ ಅದು ಯಾರ ಗಾಡಿಯೆಂದು ಕೇಳಬೇಕಾಗಿರಲಿಲ್ಲ. ಎರಡು ಸಲ ಕಜ್ಜಾಯ ಮಾಡಿ ಕಾದು, ತಾವೇ ತಿಂದಿದ್ದರು. ಹೊತ್ತು ನೆತ್ತಿಗೆ ಬರುವಾಗ ಮಜ್ಜಿಗೆಯ ಕೊಡ ಸೊಂಟದಲ್ಲಿಟ್ಟುಕೊಂಡು ಒಂದು ಹುಡುಗಿ ಬಂದಳು. ಅವಳ ಸೋದರತ್ತೆ ಅಷ್ಟು ದೂರದಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದಳು. ಬೇಲಿಯೊಳಗೆ ಗುರುಸಾಮಿ ಇರುವೆಗಳನ್ನು ಮರೆತ.

ಹುಡುಗಿ ಲೋಟ ತುಂಬಿ ಕೊಟ್ಟು, ತಾನು ದೇವರಾಜನ್ ಮಗಳು ಎಂದಳು. ಕುಪ್ಪಮ್ಮ ಲೋಟ ಹಿಡಿದವಳು ಕುಡಿಯಲಿಲ್ಲ.

"ನಿಮ್ಮನೆಗೆ ಬರೋಕೆ ನಮ್ಗೆ ಸಕುನ ಆಗ್ಲಿಲ್ಲ, ನನ್ ಕಣ್ಣೇ," ಎಂದಳು.

"ನಿಮ್ಗೆ ಆಗ್ಲಿಲ್ಲ, ಅಜ್ಜಿ," ಎಂದಳು ಶಿವಗಾಮಿ. "ನಾನು ಬರೋವಾಗ ನಂಗೆ ಏನೂ ಅಡ್ಡ ಬರ್ಲಿಲ್ಲ."

ಕುಪ್ಪಮ್ಮ ಇದನ್ನು ಬಹಳ ಹೊತ್ತು ಯೋಚಿಸಿದಳು. ಹೋಗುವವರಿಗೆ ಶಕುನ ಉಂಟು. ಬಂದವರನ್ನು ನೋಡುವುದಕ್ಕೆ ಯಾವ ಹಕ್ಕಿಯ ಅಪ್ಪಣೆ ಬೇಕು? ಅವಳು ಮಜ್ಜಿಗೆ ಕುಡಿದಳು. ಇನ್ನೊಂದು ಲೋಟ ಕೇಳಿದಳು. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಬೆರಳುಗಳನ್ನು ಮುಟ್ಟಿ ನೋಡಿದಳು, ದಿನಕ್ಕೆ ಎಷ್ಟು ನೂಲಿನ ಕಂಡಿಕೆ ಸುತ್ತುತ್ತೀಯೆಂದು ವಿಚಾರಿಸಿದಳು. ಸೆಲ್ಲಮ್ಮನ ಎದೆ ಹಗುರವಾಗುತ್ತಿತ್ತು. ಆಗಲೇ ಬೇಲಿಯಲ್ಲಿ ಗುರುಸಾಮಿ ಇರುವೆ ತಾಳಲಾರದೆ ಕಾಲು ಝಾಡಿಸಿದ.

ಮುದುಕಿ ತಟ್ಟನೆ ಆ ಕಡೆ ತಿರುಗಿದಳು. ಬೇಲಿಯಲ್ಲಿ ಏನೋ ಮಿಸುಕಾಡುತ್ತಿದೆ, ನಿನ್ನದು ಎಳೆಯ ಕಣ್ಣು, ಏನೆಂದು ನೋಡಿ ಹೇಳು ಎಂದು ಶಿವಗಾಮಿಗೆ ಹೇಳಿದಳು.

ಶಿವಗಾಮಿ ಎದ್ದು ನೋಡಿದಳು. ಮುಳ್ಳಿನೊಳಗೆ ಕುಕ್ಕರಿಸಿ, ಮೈಯೆಲ್ಲ ಗೀರಿಕೊಂಡು, ಟವಲಿಗೆ ನೆಗ್ಗಿಲುಮುಳ್ಳು ಅಂಟಿಸಿಕೊಂಡು, ಎರಡೂ ಕೈ ಮುಗಿದು ಕೂತಿದ್ದ ಗುರುಸಾಮಿ ಕಂಡ. ಅವಳು ಅವನನ್ನು ಗುರುತು ಹಿಡಿದಳು.

"ಏನೋ ಒಂದು ಪ್ರಾಣಿ, ಅಜ್ಜಿ," ಎಂದಳು ಶಿವಗಾಮಿ. "ಪಾವ, ಬಿಸಿಲಿಗೆ ಸೊರಗಿ ಕೂತಿದೆ. ಒಂದಿಷ್ಟು ಮಜ್ಜಿಗೆ ಇಟ್ಟು ಬತ್ತೀನಿ."

ಲೋಟ ಹಿಡಿದು ಹೋಗಿ ಬೇಲಿಯ ಸಂದಿನಲ್ಲಿ ಇಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ. ಬಾಯಿಯನ್ನು ಕುಡಿಯುವುದಕ್ಕೆ ಮಾತ್ರ ತೆರೆಯಿರಿ ಎಂದು ಅವಳು ಪಿಸುಮಾತಿನಲ್ಲಿ ಹೇಳಿ, ಅವನು ಕುಡಿದಿಟ್ಟ ಖಾಲಿ ಲೋಟ ತೆಗೆದುಕೊಂಡು, ಮುಖದಲ್ಲಿ ಏನೂ ತೋರಗೊಡದೆ ಹಿಂತಿರುಗಿದಳು.

"ಕಚ್ಚುತ್ತಾ?" ಎಂದು ಕೇಳಿದಳು ಕುಪ್ಪಮ್ಮ.

"ಇಲ್ಲ, ಅಜ್ಜಿ. ಸಾದು. ಸಾಕ್ಕೋಬೋದು."

ಕುಪ್ಪಮ್ಮ ತಲೆದೂಗಿ, ಗಾಡಿಯಲ್ಲಿದ್ದ ಹೂವಿನ ಬುಟ್ಟಿ ಬಿಚ್ಚಲು ಸೆಲ್ಲಮ್ಮನಿಗೆ ಹೇಳಿದಳು.